ಎರಡನೆಯ ಉತ್ತರ



ನಿಮ್ಮ ಗುರುಮಠಕಲ್ ಪಕ್ಕದ ಕಂದಕೂರಿನ ಹೆಸರು ಪ್ರತಿ ನಾಗರ ಪಂಚಮಿಗೆ ನಾಡಿನ ಪತ್ರಿಕೆಗಳಲ್ಲಿ ಬರುತ್ತದೆ. ಬೇರೆ ಊರುಗಳಲ್ಲಿ ಹುತ್ತಕ್ಕೆ ಹಾಲೆರೆಯುವ ದಿನ ಕಂದಕೂರಿನವರು ಕೊಂಡಮ್ಮಾಯಿ ಗುಡ್ಡ ಹತ್ತಿ ಕಲ್ಲುಗಳನ್ನು ಎತ್ತುತ್ತಾರೆ. ಕಲ್ಲಿನ ಅಡಿಯಲ್ಲಿ ಚೇಳು. ಅದನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ, ತೋಳಿನ ಮೇಲೆ, ಕೆನ್ನೆಯ ಮೇಲೆ ಹರಿದಾಡಲು ಬಿಡುತ್ತಾರೆ. ದೊಡ್ಡವರ ಜೊತೆ ಮಕ್ಕಳೂ ಇರುತ್ತಾರೆ. ತೆಲಂಗಾಣದಿಂದ, ಮಹಾರಾಷ್ಟ್ರದಿಂದ ಜನ ನೋಡಲು ಬರುತ್ತಾರೆ. ನಂಬಿಕೆಯ ಚರ್ಚೆಗೆ ನಾನು ಇಲ್ಲಿ ನಿಂತಿಲ್ಲ. ಮಕ್ಕಳ ಕೈಗೆ ಚೇಳು ಕೊಡಿ ಎಂದು ಹೇಳುವವನೂ ನಾನಲ್ಲ. ಕೆಂಪು ಚೇಳಿನ ವಿಷ ಎಳೆಯ ಮಕ್ಕಳ ಹೃದಯಕ್ಕೇ ಬಡಿಯುತ್ತದೆ, ಕಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನನ್ನ ಆಸಕ್ತಿ ಇರುವುದು ಆ ಗುಡ್ಡದ ಮೇಲೆ ಮಕ್ಕಳು ಮಾಡುವ ಇನ್ನೊಂದು ಕೆಲಸದಲ್ಲಿ. ಅವರು ಚೇಳನ್ನು ಬಹಳ ಹೊತ್ತು ನೋಡುತ್ತಾರೆ. ನಾವು ಚೇಳನ್ನು ಕಂಡೊಡನೆ ಚಪ್ಪಲಿ ಹುಡುಕುತ್ತೇವೆ, ಆದ್ದರಿಂದ ನಮಗೆ ಚೇಳಿನ ವಿಷಯ ಏನೂ ಗೊತ್ತಿಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬೆಳ್ಳಗಿನ ಆ ಪುಟ್ಟ ಮರಿಗಳನ್ನು ತಾಯಿ ದಿನಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆ ಭಾಗದ ಒಬ್ಬ ಹುಡುಗ ಓದದೆಯೇ ಹೇಳಿದ: ‘ಸರ, ಅದರವ್ವ ಮರಿಗೋಳನ್ನ ಬೆನ್ನಮ್ಯಾಲ ಹೊತಗೊಂಡೇ ತಿರಗತಾಳ್ರಿ.’ ಅವ್ವ ಎಂಬ ಮಾತನ್ನು ಆ ಹುಡುಗ ಎಷ್ಟು ಸಹಜವಾಗಿ ಬಳಸಿದ ಎಂಬುದು ನನಗೆ ಇಂದಿಗೂ ನೆನಪಿದೆ.

ಚೇಳನ್ನು ಹಾಗೆ ಗಮನಿಸಿ ನೋಡಿದ ಇನ್ನೊಬ್ಬರಿದ್ದಾರೆ. ಮರಾಠವಾಡದ ಬಡ ಕುಟುಂಬದಲ್ಲಿ ಹುಟ್ಟಿ ವೈದ್ಯರಾದ ಹಿಮ್ಮತ್‌ರಾವ್ ಬಾವಸ್ಕರ್. 1970ರ ದಶಕದಲ್ಲಿ ಕೊಂಕಣದ ಮಹಾಡ್ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ಅಲ್ಲಿ ಚೇಳು ಕಡಿದ ಮಕ್ಕಳು ಸಾಯುತ್ತಿದ್ದರು, ಇದಕ್ಕೆ ಔಷಧವಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅವರು ಒಪ್ಪಲಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ನಾಡಿ, ಉಸಿರು, ರಕ್ತದೊತ್ತಡ ಎಲ್ಲ ಬರೆದಿಟ್ಟರು. ರಕ್ತದೊತ್ತಡಕ್ಕೆಂದು ಇದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಈ ಮಕ್ಕಳನ್ನು ಉಳಿಸಬಲ್ಲದು ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಮಾತ್ರೆ ಮೊದಲೇ ಇತ್ತು. ಚೇಳೂ ಇತ್ತು. ಎರಡನ್ನೂ ಕೂಡಿಸಿ ನೋಡುವ ಒಬ್ಬ ಮನುಷ್ಯ ಇರಲಿಲ್ಲ, ಅಷ್ಟೇ.

ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯದಲ್ಲಿ ಎರಡು ಸಂಗತಿಗಳಿವೆ. ಚಿಕ್ಕ ಮಕ್ಕಳಲ್ಲಿ ಸೃಜನಶೀಲ ಯೋಚನೆ ಬೆಳೆಸುವುದು ಒಂದು. ರೂಪ, ವೇಷ ನೋಡಿ ಮನುಷ್ಯರನ್ನು ಅಳೆಯಬಾರದೆಂದು ಕಲಿಸುವುದು ಇನ್ನೊಂದು. ನಮ್ಮ ಶಾಲೆಗಳಲ್ಲಿ ಮೊದಲನೆಯದು ಚಿತ್ರ ಬಿಡಿಸುವ ಸ್ಪರ್ಧೆಗೆ ಹೋಗುತ್ತದೆ, ಎರಡನೆಯದು ಪ್ರಾರ್ಥನೆಯ ಹೊತ್ತಿನ ನೀತಿಪಾಠಕ್ಕೆ. ಹೀಗೆ ಬೇರೆ ಮಾಡಿದ್ದರಿಂದಲೇ ಎರಡೂ ಫಲ ಕೊಟ್ಟಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇವೆರಡೂ ಒಂದೇ ಅಭ್ಯಾಸ. ಮೊದಲು ಹೊಳೆದ ಉತ್ತರದ ಹತ್ತಿರ ನಿಲ್ಲದೆ ‘ಮತ್ತೇನಿರಬಹುದು?’ ಎಂದು ಕೇಳಿಕೊಳ್ಳುವ ಅಭ್ಯಾಸ. ಕಲ್ಲಿನ ಬಗ್ಗೆ ಹಾಗೆ ಕೇಳಿದರೆ ಅದನ್ನು ಕಲ್ಪನೆ ಎನ್ನುತ್ತೇವೆ, ಮನುಷ್ಯನ ಬಗ್ಗೆ ಕೇಳಿದರೆ ನ್ಯಾಯ ಎನ್ನುತ್ತೇವೆ.

ಮೊದಲ ಉತ್ತರ ಎಷ್ಟು ಬೇಗ ಬರುತ್ತದೆಂಬುದನ್ನು ಅಳೆದವರಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ತೊದೊರೊವ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತ ಮುಖಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ತೋರಿಸಿ, ಈತ ನಂಬಿಗಸ್ಥನೇ, ಸಮರ್ಥನೇ ಎಂದು ಕೇಳಿದರು. ಅಷ್ಟರಲ್ಲೇ ಜನ ತೀರ್ಮಾನಿಸಿಬಿಟ್ಟಿದ್ದರು. ಹೆಚ್ಚು ಹೊತ್ತು ಕೊಟ್ಟಾಗ ತೀರ್ಪು ಬದಲಾದದ್ದು ಕಡಿಮೆ. ಹೆಚ್ಚಾದದ್ದು ತಮ್ಮ ತೀರ್ಪಿನ ಮೇಲಿನ ಭರವಸೆ. ಅಂದರೆ ಮುಖ ನೋಡಿ ಅಳೆಯಬೇಡ ಎಂದು ಮಗುವಿಗೆ ಬರಿಯ ಆಜ್ಞೆ ಮಾಡಿ ಪ್ರಯೋಜನವಿಲ್ಲ. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಅಳತೆ ಮುಗಿದಿರುತ್ತದೆ. ನಮ್ಮ ಕೈಯಲ್ಲಿ ಇರುವುದು ಅದರ ನಂತರದ ಗಳಿಗೆ. ಮೊದಲ ಉತ್ತರ ತಾನಾಗಿ ಬರಲಿ, ಎರಡನೆಯದನ್ನು ಕರೆದು ತರುವುದನ್ನು ನಾವು ಕಲಿಸಬೇಕು.

ಮಕ್ಕಳಿಗೆ ಇದು ಹೊಸದಲ್ಲ. ಅಜ್ಜನ ಊರುಗೋಲನ್ನೇ ಕುದುರೆ ಮಾಡಿಕೊಂಡು ಅಂಗಳವೆಲ್ಲ ಓಡಾಡುವ ಮಗುವಿನ ಪದ್ಯ ನಮಗೆಲ್ಲ ಬಾಯಿಪಾಠ. ಅದನ್ನು ಬರೆದ ಸಿದ್ದಯ್ಯ ಪುರಾಣಿಕರು ನಮ್ಮ ಕಲ್ಯಾಣ ಕರ್ನಾಟಕದವರೇ, ಕೊಪ್ಪಳ ಸೀಮೆಯ ದ್ಯಾಂಪುರದವರು. ಐಎಎಸ್ ಅಧಿಕಾರಿಯಾಗಿದ್ದುಕೊಂಡೇ ಶಿಶುಗೀತೆ ಬರೆದವರು. ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ಮಕ್ಕಳು ಕೆರೆಯ ಮಣ್ಣನ್ನು ಮುದ್ದೆ ಮಾಡಿ ಎತ್ತು ಎಬ್ಬಿಸುತ್ತಾರೆ. ಶಹಾಪುರದ ಬೆಟ್ಟಸಾಲು ಒಂದು ಕೋನದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಬಸ್ಸು ಸ್ವಲ್ಪ ಮುಂದೆ ಹೋದರೆ ಅದೇ ಬೆಟ್ಟ ಬರೀ ಬಂಡೆಗಳ ರಾಶಿ. ಆ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ಬುದ್ಧ ಎಲ್ಲಿದ್ದಾನೆ ಎಂದು ತೋರಿಸುವ ಮೊದಲು, ನಿಮಗೇನು ಕಾಣುತ್ತದೆ ಎಂದು ಕೇಳಿ. ಒಂಟೆ, ಹೊದ್ದು ಮಲಗಿದ ಅಜ್ಜಿ, ಮೊಸಳೆ, ಎಲ್ಲ ಬರುತ್ತವೆ. ನಾವು ಬುದ್ಧ ಎಂದು ಹೇಳಿಬಿಟ್ಟ ಮೇಲೆ ಒಂದೂ ಬರುವುದಿಲ್ಲ. ಕಾಣುವುದು ನಿಂತ ಜಾಗವನ್ನು ಅವಲಂಬಿಸಿದೆ ಎಂಬ ಪಾಠ ಕಲಿಸಲು ಅದಕ್ಕಿಂತ ದೊಡ್ಡ ಕಪ್ಪು ಹಲಗೆ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದು ಕೇಳುವ ಪರೀಕ್ಷೆ ಮನಃಶಾಸ್ತ್ರದಲ್ಲಿ ಪ್ರಸಿದ್ಧ. ಅಮೆರಿಕದ ಮನಃಶಾಸ್ತ್ರಜ್ಞ ಗಿಲ್‌ಫರ್ಡ್ 1950ರಲ್ಲಿ ಮಾಡಿದ ಒಂದು ಭಾಷಣದಿಂದ ಈ ಬಗೆಯ ಸಂಶೋಧನೆಗೆ ಬಲ ಬಂತು. ಗೋಡೆ ಕಟ್ಟಬಹುದು ಎಂದು ಎಲ್ಲರೂ ಹೇಳುತ್ತಾರೆ. ಬಾಗಿಲು ಬಡಿಯದಂತೆ ಇಡಬಹುದು, ಅರೆದು ಬಣ್ಣ ಮಾಡಬಹುದು, ಕಾಸಿ ಹೊಟ್ಟೆಗೆ ಶಾಖ ಕೊಡಬಹುದು ಎಂದು ಹೇಳುವವರು ಮುಂದೆ ಹೋದವರು. ಆದರೆ ಇಂಥ ಪರೀಕ್ಷೆ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ನಡೆದಿದೆ ಎಂದು ನನಗೆ ಅನ್ನಿಸುತ್ತದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಉತ್ಖನನ ಮಾಡಿ ಆದಿಮಾನವರ ಕಲ್ಲಿನ ಕಾರ್ಖಾನೆಯನ್ನು ಬೆಳಕಿಗೆ ತಂದರು. ಅದರ ವಯಸ್ಸು ಹತ್ತು ಲಕ್ಷ ವರ್ಷಕ್ಕೂ ಹೆಚ್ಚೆಂದು ಅಂದಾಜು. ನಾವು ಇಂದು ಮನೆಗೆ ಫರಸಿ ಹಾಸುವಂಥ ಸುಣ್ಣದ ಕಲ್ಲಿನ ಹಲಗೆಯಲ್ಲಿ ಅಲ್ಲಿಯ ಯಾರೋ ಕೊಡಲಿಯನ್ನು ಕಂಡರು. ಆ ಕಣ್ಣು ಇಲ್ಲಿಯದು.

ಹಾಗಿದ್ದರೆ ಅದು ಎಲ್ಲಿ ಹೋಯಿತು? ನಮ್ಮ ಶಾಲೆಯ ಯಾವುದೇ ಮಗುವಿಗೆ ನಿಸರ್ಗದ ಚಿತ್ರ ಬರೆ ಎನ್ನಿ. ಎರಡು ಮೊನಚು ಬೆಟ್ಟ, ನಡುವೆ ಅರ್ಧ ಸೂರ್ಯ, ಒಂದು ನದಿ, ಕೆಂಪು ಹೆಂಚಿನ ಮನೆ, ತೆಂಗಿನ ಮರ. ಗುರುಮಠಕಲ್ಲಿನ ಸುತ್ತ ಇಂಥ ಬೆಟ್ಟ ಎಲ್ಲಿದೆ? ನಜರಾಪುರದ ಜಲಪಾತ ನೋಡಿ ಬಂದ ಮಗುವೂ ಇದನ್ನೇ ಬರೆಯುತ್ತದೆ. ಕಲ್ಲು ಚಪ್ಪಡಿಯ ಮಾಳಿಗೆ, ತೊಗರಿ ಹೊಲ, ಜಾಲಿ ಗಿಡ ಯಾವುವೂ ಹಾಳೆಗೆ ಬರುವುದಿಲ್ಲ. ಯಾಕೆಂದರೆ ಆ ಮಗುವಿಗೆ ಸರಿಯಾದ ಚಿತ್ರ ಒಂದೇ ಎಂದು ಗೊತ್ತಾಗಿದೆ. ಸರಿಯಾದ ಉತ್ತರ ಒಂದೇ, ಅದು ಗೈಡಿನಲ್ಲಿದೆ. ಇದರ ಜೊತೆಗೇ ಇನ್ನೊಂದು ಪಾಠ ಸದ್ದಿಲ್ಲದೆ ಆಗುತ್ತಿರುತ್ತದೆ. ವಾರ್ಷಿಕೋತ್ಸವದಲ್ಲಿ ಭಾರತಾಂಬೆಯ ಪಾತ್ರಕ್ಕೆ ನಾವು ಯಾರನ್ನು ಆರಿಸುತ್ತೇವೆ? ತರಗತಿಯಲ್ಲಿ ಎಲ್ಲರಿಗಿಂತ ಬೆಳ್ಳಗಿರುವ ಹುಡುಗಿಯನ್ನು. ರಾಕ್ಷಸನ ಪಾತ್ರಕ್ಕೆ? ಹೇಳಬೇಕಿಲ್ಲ. ಅತಿಥಿಗೆ ಹೂಗುಚ್ಛ ಕೊಡಲು ಇಸ್ತ್ರಿ ಮಾಡಿದ ಸಮವಸ್ತ್ರದ ಮಗು, ಕುರ್ಚಿ ಜೋಡಿಸಲು ಅಂಗಿಯ ಗುಂಡಿ ಕಿತ್ತ ಮಗು. ಯಾವ ಪಠ್ಯದಲ್ಲೂ ಇಲ್ಲದ ಈ ಪಾಠವನ್ನು ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ, ಜೀವನವಿಡೀ ಮರೆಯುವುದಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು ಎಂದು ನನ್ನ ಆಸೆ. ಬೇಸಿಗೆ ಶಾಲೆಯ ಮಕ್ಕಳಿಗೆ ಕೆಲವು ವಾರ ನೀಲಿ, ಹಳದಿ ಅಂಗಿಗಳನ್ನು ತೊಡಿಸಿದರು. ಕೆಲವು ತರಗತಿಗಳಲ್ಲಿ ಶಿಕ್ಷಕರು ಅಂಗಿಯ ಬಣ್ಣದ ಗೊಡವೆಗೇ ಹೋಗಲಿಲ್ಲ. ಉಳಿದ ತರಗತಿಗಳಲ್ಲಿ ಬಣ್ಣ ಹಿಡಿದು ಕೂರಿಸಿದರು, ಬಣ್ಣ ಹಿಡಿದು ಸಾಲು ನಿಲ್ಲಿಸಿದರು. ಯಾವ ಬಣ್ಣವನ್ನೂ ಹೊಗಳಲಿಲ್ಲ, ತೆಗಳಲಿಲ್ಲ. ಅಷ್ಟಕ್ಕೇ ಆ ತರಗತಿಯ ಮಕ್ಕಳು ತಮ್ಮ ಬಣ್ಣದವರೇ ಒಳ್ಳೆಯವರು ಎನ್ನತೊಡಗಿದರು. ಶಿಕ್ಷಕರು ಗಮನ ಕೊಡದ ಕಡೆ ಅಂಗಿ ಬರೀ ಅಂಗಿಯಾಗಿ ಉಳಿಯಿತು. ನಾವು ಯಾವುದನ್ನು ಹಿಡಿದು ಮಕ್ಕಳನ್ನು ವಿಂಗಡಿಸುತ್ತೇವೋ ಅದು ಅವರಿಗೆ ಮುಖ್ಯವಾಗಿಬಿಡುತ್ತದೆ.

ಗುರುಮಠಕಲ್ಲಿನ ತರಗತಿಗಳಲ್ಲಿ ವಿಂಗಡಿಸಲು ಅಂಗಿಯೇ ಬೇಕಿಲ್ಲ. ಒಂದೇ ಕೋಣೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು, ತೆಲುಗು ಆಡುವ ಮಗು, ದಖನಿ ಉರ್ದು ಆಡುವ ಮಗು, ತಾಂಡಾದಿಂದ ಲಂಬಾಣಿ ಮಾತಾಡುತ್ತ ಬರುವ ಮಗು. ಒಂದನೆಯ ತರಗತಿಗೆ ಸೇರಿದ ತಾಂಡಾದ ಹುಡುಗಿ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಆಗ ನಮ್ಮ ಮೊದಲ ಉತ್ತರ ಸಿದ್ಧವಿರುತ್ತದೆ: ದಡ್ಡಿ. ಆ ಹುಡುಗಿ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು ಹಾಡು ಕಟ್ಟಿ ಹೇಳುತ್ತಾಳೆ, ಸಂತೆಯಲ್ಲಿ ಅವ್ವನ ಲೆಕ್ಕ ತಿದ್ದುತ್ತಾಳೆ, ತೆಲುಗಿನವರ ಅಂಗಡಿಯಲ್ಲಿ ತೆಲುಗು ಮಾತಾಡುತ್ತಾಳೆ. ಮೂರು ಭಾಷೆಯ ನಡುವೆ ದಾರಿ ಮಾಡಿಕೊಂಡು ಬದುಕುವ ಮಗುವಿನ ಮೌನವನ್ನು ದಡ್ಡತನ ಎಂದು ಓದುವುದು ನಮ್ಮ ಕಣ್ಣಿನ ದೋಷ. ನಾನು ಬಲ್ಲ ಒಬ್ಬ ಶಿಕ್ಷಕಿ ಮಾಡಿದ ಉಪಾಯ ಸಣ್ಣದು. ಹಾಜರಿ ಕರೆಯುವಾಗ ಪ್ರತಿ ಮಗುವೂ ತನ್ನ ಮನೆಮಾತಿನಲ್ಲಿ ಒಂದು ಮಾತು ಹೇಳಬೇಕು, ಉಳಿದವರು ಅದನ್ನು ಹೇಳಿ ಕಲಿಯಬೇಕು. ಬಾಯಿ ಬಿಡದ ಹುಡುಗಿ ಆಗ ಇಡೀ ತರಗತಿಗೆ ಗುರುವಾದಳು.

ಇನ್ನು ನಾನು ಹೇಳಬೇಕಾದ ಮಾತು ಕಷ್ಟದ್ದು. ರೂಪ ನೋಡಿ ಅಳೆಯುವುದು ಚಾಳಿ ಮಾತ್ರವಾಗಿ ಉಳಿಯುವುದಿಲ್ಲ, ಕಾನೂನೂ ಆಗುತ್ತದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಒಂದು ಸಮುದಾಯದಲ್ಲಿ ಹುಟ್ಟಿದ್ದೇ ಅಪರಾಧವೆಂದಿತು ಆ ಕಾಯ್ದೆ. ಅಲೆಮಾರಿಗಳನ್ನು ಹಿಡಿದು ಪಟ್ಟಿ ಮಾಡಿ, ಬೇಲಿಯೊಳಗೆ ಕೂಡಿಸಿ, ದಿನದಿನವೂ ಹಾಜರಿ ತೆಗೆದುಕೊಂಡರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಸಿಕೊಳ್ಳುವ ಬಡಾವಣೆಗಳು ಅದರ ಗುರುತು. 1911ರ ಕಾಯ್ದೆಯಂತೂ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣೆಯ ಶಾಲೆಗೆ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಕಾಯ್ದೆ ಹೋಯಿತು, ಅದು ಕಲಿಸಿದ ನೋಟ ಹೋಗಲಿಲ್ಲ. ಇಂದಿಗೂ ಊರಲ್ಲಿ ಕಳವಾದರೆ ಮೊದಲು ಊರ ಹೊರಗಿನ ಗುಡಾರದ ಕಡೆ ಕಣ್ಣು ಹೋಗುತ್ತದೆ.

2018ರ ಜುಲೈ 13. ಬೀದರ್ ಜಿಲ್ಲೆಯಲ್ಲಿ ಗೆಳೆಯನ ಊರಿಗೆ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಚಾಕಲೇಟ್ ಕೊಟ್ಟರು. ಮಕ್ಕಳಿಗೆ ಸಂತೋಷವಾಗಿರಬೇಕು. ನೋಡಿದ ದೊಡ್ಡವರಿಗೆ ಬೇರೆ ಅರ್ಥ ಹೊಳೆಯಿತು. ಆ ತಿಂಗಳುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿತ್ತು. ಹೊಸ ಮುಖ, ಹೊರಗಿನ ಕಾರು, ಕೈಯಲ್ಲಿ ಚಾಕಲೇಟ್. ಯುವಕರ ವಿಡಿಯೊ ಅವರ ಕಾರಿಗಿಂತ ಮುಂಚೆ ಮುಂದಿನ ಊರನ್ನು ತಲುಪಿತು. ಮುರ್ಕಿ ಎಂಬಲ್ಲಿ ದಾರಿ ಕಟ್ಟಿ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಹೈದರಾಬಾದಿನ ಒಬ್ಬ ಯುವಕ ಸತ್ತ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಒಬ್ಬನನ್ನು ಇದೇ ಅನುಮಾನದಿಂದ ಕೊಂದಿದ್ದರು. ಆ ಗುಂಪುಗಳಲ್ಲಿ ಇದ್ದವರೆಲ್ಲ ಶಾಲೆಗೆ ಹೋಗದವರೇ? ಫೋನಿನಲ್ಲಿ ಓದಲು ಬರುತ್ತಿತ್ತು, ವಿಡಿಯೊ ಕಳಿಸಲು ಬರುತ್ತಿತ್ತು. ಬಾರದೆ ಇದ್ದದ್ದು ಒಂದೇ. ಚಾಕಲೇಟ್ ಕೊಡುವವನು ಮತ್ತಾರಾಗಿರಬಹುದು ಎಂದು ಒಂದು ಗಳಿಗೆ ಯೋಚಿಸುವುದು. ಅದನ್ನು ಎಂಟನೆಯ ವಯಸ್ಸಿನಲ್ಲಿ ಕಲಿಯದವರು ರೊಚ್ಚಿಗೆದ್ದ ಗುಂಪಿನ ನಡುವೆ ಕಲಿಯಲಾರರು.

ಇಲ್ಲಿ ತಾಯಂದಿರು ಕೇಳುವ ಪ್ರಶ್ನೆ ನನಗೆ ಗೊತ್ತಿದೆ, ಅದು ನ್ಯಾಯವಾದ ಪ್ರಶ್ನೆ. ಹಾಗಾದರೆ ಕಂಡಕಂಡವರನ್ನೆಲ್ಲ ನಂಬು ಎಂದು ಮಗುವಿಗೆ ಹೇಳುವುದೇ? ಖಂಡಿತ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂತು. ಅದರಡಿ ದಾಖಲಾಗುವ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಪರಿಚಯದವನೇ. ನೆರೆಯವನು, ನೆಂಟ, ಗೌರವದಿಂದ ಕಾಣುವವನು, ಒಳ್ಳೆಯ ಅಂಗಿ ತೊಟ್ಟವನು. ಗಡ್ಡ, ಜೋಳಿಗೆ, ಹರಿದ ಬಟ್ಟೆಯನ್ನು ತೋರಿಸಿ ಇವರಿಗೆ ಹೆದರು ಎಂದು ನಾವು ಕಲಿಸಿದಾಗ ಎರಡು ಅನ್ಯಾಯ ಮಾಡುತ್ತೇವೆ. ದಾರಿಹೋಕ ಬಡವನಿಗೆ ಒಂದು, ನಮ್ಮ ಮಗುವಿಗೆ ಇನ್ನೊಂದು. ಯಾಕೆಂದರೆ ಇಸ್ತ್ರಿ ಅಂಗಿಯವನ ಎದುರು ಆ ಮಗು ಬರಿಗೈಯಲ್ಲಿ ನಿಲ್ಲುತ್ತದೆ. ಮಗುವಿಗೆ ಹೇಳಿಕೊಡಬೇಕಾದದ್ದು ನಡತೆಯನ್ನು ನೋಡುವುದು. ಗುಟ್ಟಾಗಿ ಇಡು ಎನ್ನುವವನು, ಬೇಡವೆಂದರೂ ಮುಟ್ಟುವವನು, ಒಬ್ಬಳೇ ಬಾ ಎನ್ನುವವನು ಯಾರೇ ಆಗಿರಲಿ, ಮಾಮನೇ ಆಗಿರಲಿ, ದೂರ ಸರಿದು ಮನೆಯಲ್ಲಿ ಹೇಳು. 1098ಕ್ಕೆ ಫೋನ್ ಮಾಡಬಹುದೆಂದು ತಿಳಿಸಿಕೊಡಿ. ರೂಪ ಬಿಟ್ಟು ನಡತೆ ನೋಡಲು ಕಲಿತ ಮಗು ಹೆಚ್ಚು ಸುರಕ್ಷಿತ.

ಈ ನೆಲದ ಹಿರಿಯರು ಇದನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು. ಸುರಪುರ ಸೀಮೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯ ತನ್ನ ಒಂದು ವಚನದಲ್ಲಿ, ದೇಹದ ಗುರುತು ನೋಡಿ ಜನ ಹೆಣ್ಣೆಂದೂ ಗಂಡೆಂದೂ ಕರೆಯುತ್ತಾರೆ, ಒಳಗೆ ಸುಳಿಯುವ ಜೀವಕ್ಕೆ ಆ ಗುರುತು ಹತ್ತುವುದಿಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಬಟ್ಟೆ ನೇಯುವವನೇ ಹೊದಿಕೆಯ ಒಳಗನ್ನು ಕಂಡ. ಕೃಷ್ಣಾ ತೀರದ ತಿಂಥಣಿಯಲ್ಲಿ ಒಬ್ಬ ಸಂತನನ್ನು ಒಂದು ಗುಂಪು ಮೌನೇಶ್ವರ ಎಂದೂ ಇನ್ನೊಂದು ಗುಂಪು ಮೌನುದ್ದೀನ್ ಎಂದೂ ಕರೆದು ಒಂದೇ ಜಾತ್ರೆ ಮಾಡುತ್ತವೆ. ಈ ಕಥೆಗಳನ್ನು ಮಕ್ಕಳಿಗೆ ಹೇಳುತ್ತೇವೆ, ಆದರೆ ಪರೀಕ್ಷೆಗೆ ಬರುವ ಸಾಲುಗಳನ್ನಾಗಿ ಮಾಡಿ ಹೇಳುತ್ತೇವೆ. ಮುದನೂರಿನ ಹೆಸರು ಖಾಲಿ ಬಿಟ್ಟ ಸ್ಥಳಕ್ಕೆ ತುಂಬುವ ಪದವಾಗಿ ಉಳಿದಿದೆ.

ತರಗತಿಯಲ್ಲಿ ಏನು ಮಾಡಬಹುದೆಂದು ಕೇಳಿದರೆ, ನಾನು ಹಲವು ಶಾಲೆಗಳಲ್ಲಿ ನೋಡಿ ಮೆಚ್ಚಿದ ಒಂದು ಆಟವನ್ನು ವಿವರವಾಗಿ ಹೇಳುತ್ತೇನೆ. ಹಲಗೆಯ ಮೇಲೆ ಮೂರು ಮನೆ ಎಳೆಯಬೇಕು: ಕಂಡದ್ದು, ಅಂದುಕೊಂಡದ್ದು, ಮತ್ತೇನಿರಬಹುದು. ಒಂದು ಚಿತ್ರ ತೋರಿಸಬೇಕು. ಶಾಲೆಯ ಗೇಟಿನ ಹತ್ತಿರ ಗಡ್ಡ ಬಿಟ್ಟ, ಮಾಸಿದ ಅಂಗಿಯ, ಹೆಗಲಿಗೆ ಚೀಲ ಹಾಕಿದ ಒಬ್ಬ ಮನುಷ್ಯ. ‘ಯಾರಿವ?’ ಎಂದೊಡನೆ ಕಳ್ಳ, ಹುಚ್ಚ, ಮಕ್ಕಳನ್ನು ಹಿಡಿಯುವವ ಎಂದು ಕೂಗುತ್ತಾರೆ. ಬೈಯಬಾರದು. ಎಲ್ಲವನ್ನೂ ಎರಡನೆಯ ಮನೆಯಲ್ಲಿ ಬರೆಯಬೇಕು. ಆಮೇಲೆ, ಚಿತ್ರದಲ್ಲಿ ನಿಜವಾಗಿ ಕಂಡದ್ದು ಏನೆಂದು ಕೇಳಬೇಕು. ಗಡ್ಡ, ಚೀಲ, ಮಾಸಿದ ಅಂಗಿ, ಗೇಟಿನ ಮೇಲೆ ಕೈ. ಕಳ್ಳ ಎಲ್ಲಿ ಕಂಡ? ಮಕ್ಕಳು ಚಿತ್ರವನ್ನು ಹುಡುಕಿ ಹುಡುಕಿ ನೋಡುತ್ತಾರೆ. ಕಳ್ಳ ಚಿತ್ರದಲ್ಲಿ ಇಲ್ಲ, ತಮ್ಮೊಳಗಿದ್ದ ಎಂದು ತಿಳಿಯುವ ಆ ಗಳಿಗೆ ಅವರ ಮುಖದಲ್ಲಿ ಕಾಣುತ್ತದೆ. ಮೂರನೆಯ ಮನೆ ತುಂಬಲು ಆಮೇಲೆ ಜಾಗ ಸಾಲುವುದಿಲ್ಲ. ಹಳೇ ಕಬ್ಬಿಣ ಕೊಳ್ಳುವವ, ದಾರಿ ತಪ್ಪಿದವ, ನೀರು ಕೇಳಲು ಬಂದವ, ಊರಿನ ಹಳೇ ವಿದ್ಯಾರ್ಥಿ. ಹೀಗೆ ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: ‘ನಮ್ಮಪ್ಪ ಬೆಂಗಳೂರಾಗ ದುಡದು ಊರಿಗಿ ಬಂದಾಗ ಹಿಂಗೇ ಕಾಣ್ತಾನ್ರಿ.’

ತರಗತಿ ಸುಮ್ಮನಾಯಿತು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುವವರು ಎಷ್ಟೊಂದು ಜನ. ಅಲ್ಲಿ ತಗಡಿನ ಶೆಡ್ಡಿನಲ್ಲಿದ್ದು ಇನ್ನೊಬ್ಬರ ಮನೆ ಕಟ್ಟುವ ನಮ್ಮವರನ್ನು ಆ ನಗರ ಯಾವ ಕಣ್ಣಿನಿಂದ ನೋಡುತ್ತದೆ? ರೂಪ ನೋಡಿ ಅಳೆಸಿಕೊಳ್ಳುವ ನೋವು ಈ ಸಭೆಯಲ್ಲಿ ಕುಳಿತ ಅನೇಕ ಮನೆಗಳಿಗೆ ಗೊತ್ತು. ಅದೇ ಮನೆಯ ಮಕ್ಕಳು ಇಲ್ಲಿ ಗುಡಾರದವರ ಮಕ್ಕಳನ್ನು ಕಂಡು ಕಲ್ಲು ಎತ್ತಿಕೊಳ್ಳುವುದನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ.

ಕಲ್ಪನೆ ಮತ್ತು ಕರುಣೆ ಒಂದಾದ ಶಾಲೆಯೊಂದು ಜಪಾನಿನಲ್ಲಿತ್ತು. ತೊತ್ತೊ-ಚಾನ್ ಪುಸ್ತಕ ಓದಿದವರಿಗೆ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ನೆನಪಿರುತ್ತಾರೆ. ಅವರ ಶಾಲೆಯಲ್ಲಿ ಬೆಳವಣಿಗೆ ನಿಂತುಹೋಗಿ ಕುಳ್ಳಗಿದ್ದ ಹುಡುಗನೊಬ್ಬನಿದ್ದ. ಕ್ರೀಡಾದಿನಕ್ಕೆ ಕೊಬಾಯಾಶಿ ಹೊಸ ಆಟಗಳನ್ನೇ ಕಟ್ಟಿದರು, ಬಟ್ಟೆಯ ಮೀನಿನ ಹೊಟ್ಟೆಯೊಳಗೆ ನುಸುಳಿ ಹೊರಬರುವಂಥ ಆಟಗಳು. ಉದ್ದ ಕಾಲಿನವರು ಸಿಕ್ಕಿಕೊಂಡರು, ಪುಟ್ಟ ಮೈಯವನು ಎಲ್ಲರಿಗಿಂತ ಮೊದಲು ಹೊರಬಂದ. ಬಹುಮಾನ ತರಕಾರಿ, ಸಂಜೆ ಮನೆಗೆ ಒಯ್ದು ಎಲ್ಲರೂ ಕೂಡಿ ಉಣ್ಣಲಿ ಎಂದು. ಅಂಗವಿಕಲರನ್ನು ಹೀಯಾಳಿಸಬೇಡಿ ಎಂದು ಆ ಮುಖ್ಯೋಪಾಧ್ಯಾಯರು ಭಾಷಣ ಮಾಡಲಿಲ್ಲ. ಆಟದ ನಿಯಮ ಬದಲಿಸಿದರು. ನಮ್ಮ ಶಾಲೆಯ ಕ್ರೀಡಾದಿನಕ್ಕೂ ಇದನ್ನು ಮಾಡಲು ಯಾವ ಆದೇಶವೂ ಬೇಕಿಲ್ಲ. ಭಾರತಾಂಬೆಯ ಪಾತ್ರಕ್ಕೆ ಚೀಟಿ ಎತ್ತಿಸಲಿಕ್ಕೂ ಬೇಕಿಲ್ಲ.

ನಲಿ-ಕಲಿ ಪದ್ಧತಿ ನಮ್ಮಲ್ಲಿದೆ ಎಂಬುದನ್ನೂ ಮರೆಯಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯನ್ನು ನೋಡಿ ಬಂದು ಕಟ್ಟಿದ್ದು, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ವಯಸ್ಸಿನ ಮಕ್ಕಳು ದುಂಡಗೆ ಕೂತು ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುವುದು, ಮಕ್ಕಳ ಕೈಕೆಲಸ ತೂಗುವ ಚಪ್ಪರ, ಅವರ ಎತ್ತರಕ್ಕೆ ಇರುವ ಗೋಡೆ ಹಲಗೆ, ಇವೆಲ್ಲ ಎರಡನೆಯ ಉತ್ತರಕ್ಕೆ ಜಾಗ ಬಿಟ್ಟ ಏರ್ಪಾಡು. ಎಷ್ಟೋ ಕಡೆ ಆ ಚಪ್ಪರದಲ್ಲಿ ಶಿಕ್ಷಕರೇ ಬರೆದ ಒಂದೇ ಬಗೆಯ ಚಿತ್ರಗಳು ಧೂಳು ಹಿಡಿದು ತೂಗುತ್ತಿವೆ. ಅವನ್ನು ತೆಗೆದು ಮಕ್ಕಳದ್ದನ್ನು ತೂಗುಹಾಕಬೇಕು.

‘ಓದಲು ಬರೆಯಲು ಬಾರದ ಜಿಲ್ಲೆಯಲ್ಲಿ ಕಲ್ಪನೆಯ ಮಾತೇಕೆ?’ ಎಂದು ಹಿರಿಯ ಅಧಿಕಾರಿಯೊಬ್ಬರು ನನ್ನನ್ನು ಕೇಳಿದ್ದುಂಟು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಮಹಿಳೆಯರದು ಶೇ 41.38, ರಾಜ್ಯದಲ್ಲೇ ಕಡೆಯ ಸ್ಥಾನ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಕಡೆಯ ಸ್ಥಾನ. ಈ ಅಂಕಿಗಳ ಭಾರ ನನಗೂ ಗೊತ್ತು. ಆದರೆ ಗೈಡಿನ ಒಂದೇ ಉತ್ತರವನ್ನು ಇಷ್ಟು ವರ್ಷ ಉರು ಹೊಡೆಸಿದ ಮೇಲೆ ಬಂದ ಫಲಿತಾಂಶ ಇದು ಎಂಬುದನ್ನೂ ನೋಡಬೇಕಲ್ಲ. ತನಗೆ ಹೇಳಲು ಏನೋ ಇದೆ ಎಂದು ಅನ್ನಿಸಿದ ಮಗು ಅಕ್ಷರವನ್ನು ತಾನೇ ಕೇಳಿ ಕಲಿಯುತ್ತದೆ. ಮೂರನೆಯ ಮನೆಯಲ್ಲಿ ತನ್ನ ಮಾತು ಬರೆಯಬೇಕೆಂದು ಸೀಮೆಸುಣ್ಣ ಕಸಿದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ರಾಜ್ಯದ ಉಳಿದ ಭಾಗ ನಮ್ಮ ಜಿಲ್ಲೆಯನ್ನೂ ಅಂಕಿ ನೋಡಿ ಅಳೆದು ಮುಗಿಸಿದೆ. ಅದೂ ಒಂದು ಮೊದಲ ಉತ್ತರವೇ.

ಕೊನೆಯದಾಗಿ ದತ್ತಿ ದಾನಿಗಳಲ್ಲಿ ಒಂದು ಕೋರಿಕೆ. ನಮ್ಮ ಭಾಗಕ್ಕೆ ಹಗಲುವೇಷದವರು ಬರುತ್ತಾರೆ. ಬುಡ್ಗ ಜಂಗಮರು ಹಾರ್ಮೋನಿಯಂ, ತಬಲಾ ಹಿಡಿದು ಒಂದು ದಿನ ರಾಮನಾಗಿ, ಇನ್ನೊಂದು ದಿನ ದುರ್ಯೋಧನನಾಗಿ ಓಣಿ ಸುತ್ತುತ್ತಾರೆ. ವೇಷ ಇದ್ದಾಗ ಮಕ್ಕಳು ಕೈ ಮುಗಿಯುತ್ತಾರೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ನೀರಿಗೆ ಬಂದರೆ ಕೊಡ ಪಕ್ಕಕ್ಕೆ ಎಳೆಯುತ್ತೇವೆ. ಅವರ ಮಕ್ಕಳಲ್ಲಿ ಅನೇಕರಿಗೆ ಶಾಲೆ ಕೈಗೆ ಸಿಕ್ಕಿಲ್ಲ. ಮುಂದಿನ ವರ್ಷ ಈ ದತ್ತಿಯ ಬಡ್ಡಿ ಹಣವನ್ನು ಉಪನ್ಯಾಸಕ್ಕೆ ಬಳಸದೆ, ಅಂಥ ಒಂದು ಮೇಳವನ್ನು ತಾಲ್ಲೂಕಿನ ಯಾವುದಾದರೂ ಕಿರಿಯ ಪ್ರಾಥಮಿಕ ಶಾಲೆಗೆ ಗೌರವದಿಂದ ಕರೆಸಲು ಕೊಡಿ. ಅವರಿಗೆ ಸರಿಯಾದ ಸಂಭಾವನೆ ಕೊಡಿ. ಬೆಳಿಗ್ಗೆ ಬಣ್ಣ ಹಚ್ಚುವಾಗಲೇ ಮಕ್ಕಳು ಸುತ್ತ ಕುಳಿತು ನೋಡಲಿ. ಸಫೇದ ಹೇಗೆ ಕಲೆಸುತ್ತಾರೆ, ಮೀಸೆ ಹೇಗೆ ಅಂಟಿಸುತ್ತಾರೆ, ಒಂದೇ ಮುಖ ಹೇಗೆ ರಾಮನೂ ಆಗುತ್ತದೆ, ರಾವಣನೂ ಆಗುತ್ತದೆ ಎಂದು ಕೇಳಲಿ. ಮಧ್ಯಾಹ್ನ ಮಕ್ಕಳೂ ತಮಗೆ ಬೇಕಾದ ವೇಷ ಹಾಕಿಕೊಳ್ಳಲಿ. ಬಿಸಿಯೂಟಕ್ಕೆ ಎಲ್ಲರೂ ಬಣ್ಣ ತೊಳೆದುಕೊಂಡು ಒಂದೇ ಸಾಲಿನಲ್ಲಿ ಕೂರಲಿ, ಮೇಳದವರ ಮಕ್ಕಳೂ ಜೊತೆಗೆ ಕೂರಲಿ. ಊಟವಾದ ಮೇಲೆ ಆ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಲು ಮುಖ್ಯ ಗುರುಗಳು ಸಿದ್ಧರಿರಲಿ; ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ವರ್ಷದ ನಡುವೆ, ವರ್ಗಾವಣೆ ಪತ್ರವಿಲ್ಲದಿದ್ದರೂ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಅದಕ್ಕೆ ಬೇಕಾದ ಓಡಾಟವನ್ನು ನಾನು ಮಾಡುತ್ತೇನೆ.